ಮೇಣದ ಕ್ರೂಡ್ ಪೈಪಿನೊಳಗೆ ಹೆಪ್ಪುಗಟ್ಟದಂತೆ ಹರಿಸುವುದು ಹೇಗೆ

ರಾಜಸ್ಥಾನದ ಬಾಡ್ಮೇರ್ ಕಡೆ ಸಿಗುವ ಮಂಗಳಾ ಕ್ರೂಡ್ (ಕಚ್ಚಾ ತೈಲ) ಅನ್ನು ಒಂದು ಬಾಟಲಿಗೆ ತುಂಬಿ ಮೇಜಿನ ಮೇಲೆ ಇಡಿ. ನಮ್ಮ ಕಡೆಯ ಬೇಸಿಗೆಯಲ್ಲೂ ಅದು ಗಟ್ಟಿಯಾಗಿಯೇ ಇರುತ್ತದೆ, ಬಾಟಲಿ ತಲೆಕೆಳಗು ಮಾಡಿದರೂ ಬೀಳುವುದಿಲ್ಲ. ಇದೇ ಎಣ್ಣೆ ನೆಲದೊಳಗೆ ಸುಮಾರು 65 ಡಿಗ್ರಿ ಬಿಸಿಯಲ್ಲಿ ಸರಾಗವಾಗಿ ಹರಿಯುತ್ತದೆ. ನಿಕ್ಷೇಪ ಸಿಕ್ಕಿದ್ದು 2004ರಲ್ಲಿ, ಎಣ್ಣೆ ಹೊರಗೆ ಬಂದಿದ್ದು 2009ರಲ್ಲಿ. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿ ಕೂಡ ಈ ಕ್ರೂಡನ್ನು ಸಂಸ್ಕರಿಸಿದೆ.

ಕೆಮಿಸ್ಟ್ರಿ ಓದಿಯೋ ಡಿಪ್ಲೊಮಾ ಮುಗಿಸಿಯೋ ತೈಲಕ್ಷೇತ್ರಕ್ಕೆ, ರಿಫೈನರಿಗೆ, ಗಲ್ಫ್‌ಗೆ ಕೆಲಸಕ್ಕೆ ಹೋಗುವ ನಮ್ಮವರು ತುಂಬಾ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಕೆಮಿಕಲ್ ಹಾಕಬೇಕು ಅನ್ನೋದು ಎರಡನೆಯ ಪ್ರಶ್ನೆ. ಎಣ್ಣೆ ಎಷ್ಟು ಬಿಸಿಯಾಗಿತ್ತು, ಎಲ್ಲಿ ತಣ್ಣಗಾಯಿತು, ಎಷ್ಟು ನಿಧಾನವಾಗಿ ತಣ್ಣಗಾಯಿತು, ಆಗ ಕದಡುತ್ತಿತ್ತೋ ಸುಮ್ಮನೆ ನಿಂತಿತ್ತೋ, ಇದು ಮೊದಲನೆಯದು. ಇದನ್ನು ಬಿಟ್ಟು ನೇರ ಡ್ರಮ್ ತೆರೆದರೆ ದುಡ್ಡು ಹೋಗುತ್ತದೆ, ಎಣ್ಣೆ ಮಾತ್ರ ಅಲ್ಲೇ ಇರುತ್ತದೆ.

ಮೇಣವೋ, ಬರೀ ಮಂದವೋ?

ಹರಿಯದ ಎಣ್ಣೆಗಳಲ್ಲಿ ಎರಡು ಜಾತಿ. ಒಂದರಲ್ಲಿ ಮೇಣ ಜಾಸ್ತಿ. ಇನ್ನೊಂದರಲ್ಲಿ ಮೇಣ ಕಡಿಮೆ, ಆದರೆ ಆಸ್ಫಾಲ್ಟೀನ್, ರೆಸಿನ್ ಎಂಬ ಭಾರವಾದ, ಅಂಟಂಟಾದ ವಸ್ತುಗಳು ತುಂಬಿಕೊಂಡು ಎಣ್ಣೆಯೇ ಮಂದವಾಗಿರುತ್ತದೆ. ಗುಜರಾತಿನ ಮೆಹ್ಸಾಣಾ ಕಡೆಯ ಬಾಲೋಲ್, ಸಾಂತಾಲ್ ಕ್ಷೇತ್ರಗಳ ಎಣ್ಣೆ ಈ ಎರಡನೆಯ ಬಗೆಯದು. ಅಲ್ಲಿ ನೆಲದೊಳಗೇ ಗಾಳಿ ತುಂಬಿ ಸ್ವಲ್ಪ ಎಣ್ಣೆ ಉರಿಸಿ, ಆ ಬಿಸಿಯಿಂದ ಉಳಿದದ್ದನ್ನು ಹರಿಸುತ್ತಾರೆ.

ಗುರುತಿಸೋದು ಕಷ್ಟವಲ್ಲ. ಎಣ್ಣೆಯನ್ನು 80 ಡಿಗ್ರಿಯಿಂದ ನಿಧಾನವಾಗಿ ತಣ್ಣಗೆ ಮಾಡುತ್ತಾ ಐದೈದು ಡಿಗ್ರಿಗೊಮ್ಮೆ ವಿಸ್ಕಾಸಿಟಿ, ಅಂದರೆ ಎಣ್ಣೆ ಎಷ್ಟು ಮಂದ ಅನ್ನೋದನ್ನು, ಅಳೆಯಿರಿ. ಮಂದ ಎಣ್ಣೆಯಲ್ಲಿ ಅದು ಒಂದೇ ಹದದಲ್ಲಿ ಏರುತ್ತಾ ಹೋಗುತ್ತದೆ. ಮೇಣದ ಎಣ್ಣೆಯಲ್ಲಿ ಒಂದು ಹಂತದವರೆಗೆ ಏನೂ ಆಗದ ಹಾಗೆ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ಮೇಲಕ್ಕೆ ತಿರುಗುತ್ತದೆ. ಅಲ್ಲಿಂದ ಕೆಳಗೆ ಅಳತೆಯ ಸ್ಪಿಂಡಲ್ ಬೇಗ ತಿರುಗಿಸಿದರೆ ಒಂದು ಲೆಕ್ಕ, ನಿಧಾನ ತಿರುಗಿಸಿದರೆ ಬೇರೆ ಲೆಕ್ಕ ಬರುತ್ತದೆ. ಆ ತಿರುವು ಕಂಡರೆ ಮೇಣದ ಆಟ ಅಂತ ತಿಳಿಯಿರಿ.

ಮಂದ ಎಣ್ಣೆಗೆ ದಾರಿ ಬೇರೆ: ಬಿಸಿ ಮಾಡಿ, ಇಲ್ಲವೇ ನಾಫ್ತಾ, ಕಂಡೆನ್ಸೇಟ್, ಹಗುರ ಕ್ರೂಡ್‌ನಂಥ ತೆಳ್ಳನೆಯ ಎಣ್ಣೆ ಬೆರೆಸಿ. ಎಲ್ಲವನ್ನೂ ಬೆರೆಸುವ ಮೊದಲು ಸ್ವಲ್ಪ ಬೆರೆಸಿ, ಅದರ ಒಂದು ಹನಿಯನ್ನು ಫಿಲ್ಟರ್ ಪೇಪರ್ ಮೇಲೆ ಬಿಟ್ಟು ನೋಡಿ. ನಡುವೆ ಕಪ್ಪು ಚುಕ್ಕೆ, ಸುತ್ತ ತಿಳಿ ಉಂಗುರ ಬಂದರೆ ಆಸ್ಫಾಲ್ಟೀನ್ ಬೇರೆಯಾಗುತ್ತಿದೆ ಎಂದರ್ಥ. ಆ ಮಿಶ್ರಣ ಟ್ಯಾಂಕಿನ ತಳದಲ್ಲಿ ಕೆಸರು ಕಟ್ಟುತ್ತದೆ. ವೆನಿಜುವೆಲಾದಲ್ಲಿ ಡಾಂಬರಿನಂಥ ಬಿಟುಮೆನ್ ಅನ್ನು ಸುಮಾರು 30 ಪಾಲು ನೀರಿನಲ್ಲಿ ಹನಿಹನಿಯಾಗಿ ತೇಲಿಸಿ ಒರಿಮಲ್ಶನ್ ಅಂತ ಮಾರುತ್ತಿದ್ದರು, ಅದೂ ಮಂದ ಎಣ್ಣೆಯ ದಾರಿಯೇ. ಮೇಣಕ್ಕೆಂದು ಮಾಡಿದ ಕೆಮಿಕಲ್ ಇಂಥ ಎಣ್ಣೆಗೆ ಹಾಕಿದರೆ ಏನೂ ಪ್ರಯೋಜನವಿಲ್ಲ. ಮುಂದೆ ಹೇಳೋದೆಲ್ಲ ಮೇಣದ ಎಣ್ಣೆಯ ಬಗ್ಗೆ.

ಒಳಗೆ ಏನಾಗುತ್ತದೆ

ಮೇಣ ಅಂದರೆ ಉದ್ದುದ್ದ ಸರಪಳಿಯ ಪ್ಯಾರಾಫಿನ್‌ಗಳು, ಸುಮಾರು 18 ಕಾರ್ಬನ್‌ನಿಂದ ಶುರುವಾಗಿ 60-70ರವರೆಗೂ ಇರುತ್ತವೆ. ಬಿಸಿ ಇದ್ದಾಗ ಕರಗಿರುತ್ತವೆ. ತಣ್ಣಗಾದಂತೆ ಉದ್ದನೆಯವು ಮೊದಲು ಹರಳಾಗುತ್ತವೆ. ಮೊದಲ ಹರಳು ಕಾಣುವ ಬಿಸಿಗೆ ವ್ಯಾಕ್ಸ್ ಅಪಿಯರೆನ್ಸ್ ಟೆಂಪರೇಚರ್ ಅನ್ನುತ್ತಾರೆ, ಫೀಲ್ಡಿನಲ್ಲಿ ಚಿಕ್ಕದಾಗಿ ಡಬ್ಲ್ಯುಎಟಿ. ಇನ್ನೂ ತಣ್ಣಗಾದರೆ ಎಣ್ಣೆ ನಿಂತುಬಿಡುತ್ತದೆ, ಅದು ಪೋರ್ ಪಾಯಿಂಟ್. ಮಂಗಳಾ ಕ್ರೂಡ್‌ನಲ್ಲಿ ಡಬ್ಲ್ಯುಎಟಿ 60 ಡಿಗ್ರಿ ದಾಟುತ್ತದೆ, ಪೋರ್ ಪಾಯಿಂಟ್ 40ರ ಮೇಲೆ. ಮುಂಬೈ ಹೈ ಎಣ್ಣೆಯದು 30ರ ಆಸುಪಾಸು.

ಎಣ್ಣೆ ನಿಲ್ಲಲು ಅದರಲ್ಲಿರುವ ಮೇಣವೆಲ್ಲ ಗಟ್ಟಿಯಾಗಬೇಕಿಲ್ಲ. ನೂರರಲ್ಲಿ ಎರಡು ಪಾಲು ಹರಳಾದರೂ ಸಾಕು. ಒಂದು ಹಿಡಿ ರಾಗಿ ಹಿಟ್ಟು ಒಂದು ಪಾತ್ರೆ ನೀರನ್ನು ಅಂಬಲಿಯಾಗಿ ಹಿಡಿದುಕೊಳ್ಳುತ್ತದಲ್ವಾ, ಹಾಗೆ. ಹರಳುಗಳು ತೆಳ್ಳನೆಯ ತಟ್ಟೆಗಳಾಗಿ ಬೆಳೆದು, ಒಂದಕ್ಕೊಂದು ತಾಗಿ ಬಲೆ ಕಟ್ಟುತ್ತವೆ. ಉಳಿದ 98 ಪಾಲು ದ್ರವ ಆ ಬಲೆಯೊಳಗೆ ಸಿಕ್ಕಿಕೊಳ್ಳುತ್ತದೆ. ಅಂದಮೇಲೆ ನಾವು ಮಾಡಬೇಕಾದ್ದು ಎರಡರಲ್ಲಿ ಒಂದು: ಹರಳು ಹುಟ್ಟದಂತೆ ಬಿಸಿ ಕಾಯುವುದು, ಇಲ್ಲವೇ ಹುಟ್ಟಿದ ಹರಳುಗಳು ಬಲೆ ಕಟ್ಟದಂತೆ ನೋಡಿಕೊಳ್ಳುವುದು.

ಮೊದಲು ಸ್ಯಾಂಪಲ್, ಆಮೇಲೆ ಪರೀಕ್ಷೆ

ಹೆಚ್ಚಿನ ತಪ್ಪು ಲೆಕ್ಕಗಳು ಸ್ಯಾಂಪಲ್ ತೆಗೆಯುವಾಗಲೇ ಹುಟ್ಟುತ್ತವೆ. ಟ್ಯಾಂಕಿನ ಮೇಲಿಂದ ತೆಗೆದ ಸ್ಯಾಂಪಲ್‌ನಲ್ಲಿ ಮೇಣ ಕಡಿಮೆ, ತಳದ್ದರಲ್ಲಿ ಜಾಸ್ತಿ. ಹರಿಯುತ್ತಿರುವ ಲೈನಿನಿಂದ, ಬಿಸಿ ಇರುವಾಗಲೇ ತೆಗೆಯಿರಿ. ಅದರಲ್ಲಿ ಈಗಾಗಲೇ ಪಿಪಿಡಿ ಬಿದ್ದಿದೆಯೋ ಇಲ್ಲವೋ ಕೇಳಿ ಬರೆದುಕೊಳ್ಳಿ. ಪಿಪಿಡಿ ಅಂದರೆ ಪೋರ್ ಪಾಯಿಂಟ್ ಇಳಿಸುವ ಕೆಮಿಕಲ್. ಅದು ಬಿದ್ದಿರುವ ಎಣ್ಣೆಯ ಮೇಲೆ ಹೊಸ ಪಿಪಿಡಿ ಪರೀಕ್ಷಿಸಿದರೆ ಬರುವ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ.

ಲ್ಯಾಬಿಗೆ ಬರುವ ಹೊತ್ತಿಗೆ ಬಾಟಲಿ ಗಟ್ಟಿಯಾಗಿರುತ್ತದೆ. ಮೇಲಿನಿಂದ ಚಮಚದಲ್ಲಿ ಕೆರೆದು ತೆಗೆಯಬೇಡಿ. ಇಡೀ ಬಾಟಲಿಯನ್ನು ವಾಟರ್ ಬಾತ್‌ನಲ್ಲಿ 80 ಡಿಗ್ರಿಯಲ್ಲಿಡಿ. ಪೂರ್ತಿ ಕರಗಿದ ಮೇಲೆ ಚೆನ್ನಾಗಿ ಅಲ್ಲಾಡಿಸಿ, ಬಿಸಿಯಾಗಿರುವಾಗಲೇ ಸಣ್ಣ ಸಣ್ಣ ಬಾಟಲಿಗಳಿಗೆ ಹಂಚಿಬಿಡಿ. ಒಂದು ಪರೀಕ್ಷೆಗೆ ಒಂದು ಬಾಟಲಿ. ಅದೇ ಬಾಟಲಿಯನ್ನು ಮತ್ತೆ ಮತ್ತೆ ಕಾಯಿಸಿದರೆ ಹಗುರ ಭಾಗ ಹಾರಿಹೋಗಿ ಎಣ್ಣೆಯೇ ಬದಲಾಗುತ್ತದೆ. ಬೆಂಕಿಯ ಹತ್ತಿರ ಈ ಕೆಲಸ ಬೇಡ, ಹೊಗೆ ಎಳೆಯುವ ಹುಡ್ ಒಳಗೇ ಮಾಡಿ. ಬಾಟಲಿ ಪೂರ್ತಿ ತುಂಬಬೇಡಿ, ಬಿಸಿಯಾದಾಗ ಎಣ್ಣೆ ಹಿಗ್ಗುತ್ತದೆ.

ಪೋರ್ ಪಾಯಿಂಟ್ ಪರೀಕ್ಷೆ ನೋಡಲು ತೀರಾ ಸರಳ. ಗಾಜಿನ ಜಾರ್‌ನಲ್ಲಿ ಎಣ್ಣೆ ಹಾಕಿ, ತಣ್ಣಗೆ ಮಾಡುತ್ತಾ 3 ಡಿಗ್ರಿಗೊಮ್ಮೆ ಹೊರಗೆ ತೆಗೆದು ಓರೆ ಮಾಡಿ ನೋಡುತ್ತೀರಿ. ಜಾರನ್ನು ಅಡ್ಡ ಹಿಡಿದು 5 ಸೆಕೆಂಡ್ ಆದರೂ ಎಣ್ಣೆ ಅಲುಗದಿದ್ದರೆ ಆಗಿನ ಡಿಗ್ರಿಗೆ 3 ಕೂಡಿಸಿ, ಅದೇ ಪೋರ್ ಪಾಯಿಂಟ್. ಕೈ ಹಗುರ ಇರಬೇಕು. ಥರ್ಮಾಮೀಟರ್ ಅಲ್ಲಾಡಿಸಿದರೆ, ಜಾರನ್ನು ತಟ್ಟಿದರೆ ಆಗಷ್ಟೇ ಕಟ್ಟುತ್ತಿರುವ ಬಲೆ ಒಡೆದು ಎಣ್ಣೆ ಹರಿದುಬಿಡುತ್ತದೆ, ನಿಜಕ್ಕಿಂತ ಒಳ್ಳೆಯ ಲೆಕ್ಕ ಸಿಗುತ್ತದೆ.

ಆದರೆ ಕ್ರೂಡ್‌ಗೆ ಪೋರ್ ಪಾಯಿಂಟ್ ಒಂದೇ ಅಲ್ಲ, ಎರಡು. ಅದಕ್ಕೇ ಕ್ರೂಡ್‌ಗೆಂದೇ ಎಎಸ್‌ಟಿಎಂ ಡಿ 5853 ಎಂಬ ಬೇರೆ ಪ್ರಮಾಣಿತ ಪರೀಕ್ಷಾ ವಿಧಾನ ಇದೆ. ಎಣ್ಣೆಯನ್ನು ಒಂದು ದಿನ ಸುಮ್ಮನೆ ಇಟ್ಟು, ಸ್ವಲ್ಪವೇ ಬಿಸಿ ಮಾಡಿ ಪರೀಕ್ಷಿಸಿದರೆ ಮೇಲಿನ ಪೋರ್ ಪಾಯಿಂಟ್ ಬರುತ್ತದೆ. ಒತ್ತಡ ತಡೆಯುವ ಮುಚ್ಚಿದ ಪಾತ್ರೆಯಲ್ಲಿ 105 ಡಿಗ್ರಿಗೆ ಕಾಯಿಸಿ ಪರೀಕ್ಷಿಸಿದರೆ ಕೆಳಗಿನದು ಬರುತ್ತದೆ. ಎಣ್ಣೆ ಅದೇ, ಮೇಣವೂ ಅಷ್ಟೇ, ಬದಲಾಗಿದ್ದು ಅದು ಕಂಡ ಬಿಸಿ ಮಾತ್ರ. ಇವೆರಡರ ನಡುವೆ ದೊಡ್ಡ ಅಂತರ ಇದ್ದರೆ ಅದು ಒಳ್ಳೆಯ ಸುದ್ದಿ: ಕೆಮಿಕಲ್ ಇಲ್ಲದೆ ಬರೀ ಬಿಸಿಯಿಂದಲೇ ತುಂಬಾ ಗೆಲ್ಲಬಹುದು.

ಬಿಸಿಯಿಂದ ಕೆಲಸ ತೆಗೆಯುವುದು

ಇದನ್ನು ನಮ್ಮ ದೇಶದಲ್ಲೇ ಬಹಳ ಹಿಂದೆ ಮಾಡಿ ತೋರಿಸಿದ್ದಾರೆ. ಅಸ್ಸಾಮಿನ ನಹರ್ಕಟಿಯಾದಿಂದ ಬಿಹಾರದ ಬರೌನಿಯವರೆಗೆ ಆಯಿಲ್ ಇಂಡಿಯಾದ ಪೈಪ್‌ಲೈನ್ ಸುಮಾರು 1,157 ಕಿ.ಮೀ. ಉದ್ದ. 1962ರಲ್ಲಿ ಗುವಾಹಟಿವರೆಗೆ, 1964ರಲ್ಲಿ ಬರೌನಿವರೆಗೆ ಎಣ್ಣೆ ಹರಿಯಿತು. ಆ ಕ್ರೂಡ್ ಹಾಗೇ ಬಿಟ್ಟರೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಇಡೀ ಲೈನನ್ನು ಬಿಸಿ ಮಾಡುವ ಬದಲು ಶುರುವಿನಲ್ಲೇ ಎಣ್ಣೆಯನ್ನು ಸುಮಾರು 95 ಡಿಗ್ರಿಗೆ ಕಾಯಿಸಿ ಮೇಣ ಪೂರ್ತಿ ಕರಗಿಸಿದರು. ಆಮೇಲೆ 65ರಿಂದ ಸುಮಾರು 18 ಡಿಗ್ರಿವರೆಗೆ ಅಲುಗಾಡಿಸದೆ, ಹದವಾದ ವೇಗದಲ್ಲಿ ತಣ್ಣಗೆ ಮಾಡಿದರು. ಪೂರ್ತಿ ಕರಗಿದಾಗ ಆಸ್ಫಾಲ್ಟೀನ್, ರೆಸಿನ್‌ಗಳು ಬಿಡಿಯಾಗಿ ಹರಡಿ, ಹೊಸದಾಗಿ ಹುಟ್ಟುವ ಹರಳುಗಳಿಗೆ ಅಂಟಿಕೊಂಡು ಬಲೆ ಕಟ್ಟದಂತೆ ತಡೆಯುತ್ತವೆ. ಎಣ್ಣೆಯೊಳಗೇ ಇದ್ದ ಔಷಧಿಯನ್ನು ಎಬ್ಬಿಸಿದ ಹಾಗಾಯಿತು. ಅರವತ್ತು ವರ್ಷದ ಹಿಂದಿನ ಈ ಕೆಲಸ ನನಗೆ ಇವತ್ತಿಗೂ ತುಂಬಾ ಇಷ್ಟ.

ಮಂಗಳಾದಲ್ಲಿ ಹಾಗಾಗಲಿಲ್ಲ, ಮೇಣವೇ ಅಷ್ಟು ಜಾಸ್ತಿ. ಅಲ್ಲಿಂದ ಗುಜರಾತಿನ ಕರಾವಳಿಯ ಭೋಗತ್‌ವರೆಗೆ ಸುಮಾರು 670 ಕಿ.ಮೀ. ಉದ್ದದ 24 ಇಂಚಿನ ಪೈಪನ್ನು ಉದ್ದಕ್ಕೂ ಬಿಸಿ ಇಡುತ್ತಾರೆ. ಪೈಪಿನ ಮೇಲೆ ಸಣ್ಣ ಉಕ್ಕಿನ ಕೊಳವೆ ಬೆಸೆದು, ಅದರೊಳಗೆ ವಿದ್ಯುತ್ ಕೇಬಲ್ ಎಳೆದಿದ್ದಾರೆ. ಕರೆಂಟ್ ಕೇಬಲ್‌ನಲ್ಲಿ ಹೋಗಿ ಕೊಳವೆಯ ಒಳಗೋಡೆಯಲ್ಲಿ ವಾಪಸ್ ಬರುವಾಗ ಕೊಳವೆ ಬಿಸಿಯಾಗಿ ಪೈಪನ್ನು ಕಾಯಿಸುತ್ತದೆ. ಮೇಲೆ ಪಾಲಿಯುರೆಥೇನ್ ಫೋಮ್ ಹೊದಿಕೆ. ಎಣ್ಣೆಯನ್ನು 65 ಡಿಗ್ರಿಗಿಂತ ಮೇಲೆ, ಅಂದರೆ ಡಬ್ಲ್ಯುಎಟಿಗಿಂತ ಮೇಲೆಯೇ ಇಡುತ್ತಾರೆ. ಎಣ್ಣೆಯನ್ನು ತಳ್ಳಲು ಬಾವಿಗಳಿಗೆ ತುಂಬುವ ನೀರನ್ನೂ ಬಿಸಿ ಮಾಡಿಯೇ ತುಂಬುತ್ತಾರೆ, ಇಲ್ಲದಿದ್ದರೆ ಬಂಡೆಯೊಳಗೇ ಮೇಣ ಕಟ್ಟುತ್ತದೆ.

ನಿಮ್ಮ ಲೈನ್ ಇಷ್ಟು ದೊಡ್ಡದಲ್ಲದಿರಬಹುದು. ಆದರೂ ಒಂದು ನಿಯಮ ನೆನಪಿಡಿ: ಕಾಯಿಸುವುದಾದರೆ ಪೂರ್ತಿ ಕಾಯಿಸಿ. ಅರ್ಧಂಬರ್ಧ ಬಿಸಿ, ಅಂದರೆ ಮೇಣ ಸ್ವಲ್ಪ ಕರಗಿ ಸ್ವಲ್ಪ ಉಳಿಯುವಷ್ಟು ಬಿಸಿ, ಕಾಯಿಸದೇ ಇರೋದಕ್ಕಿಂತ ಕೆಟ್ಟದ್ದು. ಉಳಿದ ಹರಳುಗಳ ಮೇಲೆ ಕರಗಿದ್ದೆಲ್ಲ ಮತ್ತೆ ಕೂತು ದೊಡ್ಡ ತಟ್ಟೆಗಳಾಗುತ್ತವೆ. ಮೊದಲೇ ಪಿಪಿಡಿ ಹಾಕಿದ್ದರೆ ಅದರ ಕೆಲಸವೂ ಹಾಳಾಗುತ್ತದೆ. ದಾರಿಯ ನಡುವಿನ ಹೀಟರ್‌ಗಳಲ್ಲಿ ಇಂಧನ ಉಳಿಸಲು ಬಿಸಿ ಇಳಿಸುವ ಮೊದಲು ಇದನ್ನು ಲ್ಯಾಬಿನಲ್ಲಿ ಪರೀಕ್ಷಿಸಲೇಬೇಕು.

ಪಿಪಿಡಿ ಆರಿಸಿ ಹಾಕುವುದು

ಪಿಪಿಡಿ ಮೇಣವನ್ನು ಕರಗಿಸುವುದಿಲ್ಲ. ಡಬ್ಲ್ಯುಎಟಿಯನ್ನೂ ಅಷ್ಟಾಗಿ ಇಳಿಸುವುದಿಲ್ಲ. ಹರಳು ಹುಟ್ಟುವಾಗಲೇ ಅದರೊಳಗೆ ಸೇರಿಕೊಂಡು ಆಕಾರ ಕೆಡಿಸುತ್ತದೆ ಅಷ್ಟೇ. ತಟ್ಟೆಯ ಬದಲು ಸಣ್ಣ ಗಂಟುಗಳಾಗುತ್ತವೆ, ಗಂಟುಗಳಿಗೆ ಬಲೆ ಕಟ್ಟಲು ಬರುವುದಿಲ್ಲ. ಸಾಮಾನ್ಯವಾಗಿ ಸಿಗುವವು ಎಥಿಲೀನ್ ವಿನೈಲ್ ಅಸಿಟೇಟ್, ಪಾಲಿ ಆಲ್ಕೈಲ್ ಅಕ್ರಿಲೇಟ್, ಮತ್ತೆ ಮೆಲಿಯಿಕ್ ಅನ್‌ಹೈಡ್ರೈಡ್‌ನಿಂದ ಮಾಡಿದ ಪಾಲಿಮರ್‌ಗಳು. ಪಾಲಿಮರ್‌ನ ಪಕ್ಕದ ಸರಪಳಿಗಳ ಉದ್ದ ನಿಮ್ಮ ಎಣ್ಣೆಯ ಮೇಣದ ಉದ್ದಕ್ಕೆ ಹೊಂದಬೇಕು. ಆದ್ದರಿಂದ ಮುಂಬೈ ಹೈ ಎಣ್ಣೆಗೆ ಚೆನ್ನಾಗಿ ಕೆಲಸ ಮಾಡಿದ್ದು ನಿಮ್ಮ ಎಣ್ಣೆಗೂ ಆಗುತ್ತದೆ ಅನ್ನೋ ಖಾತ್ರಿ ಇಲ್ಲ. ಮಾರುವವರ ಕಾಗದ ನೋಡಿ ಕೊಳ್ಳಬೇಡಿ, ನಿಮ್ಮ ಎಣ್ಣೆಯಲ್ಲೇ ನೋಡಿ.

ಪರೀಕ್ಷೆ ಹೀಗೆ ಮಾಡಿ. 100 ಮಿಲಿ ಎಣ್ಣೆಗೆ 500 ಪಿಪಿಎಂ (ಹತ್ತು ಲಕ್ಷಕ್ಕೆ 500 ಪಾಲು) ಅಂದರೆ ಬರೀ 0.05 ಮಿಲಿ. ಅಷ್ಟನ್ನು ಅಂಟಂಟಾದ ಕೆಮಿಕಲ್‌ನಿಂದ ಸರಿಯಾಗಿ ಅಳೆಯಲು ಆಗುವುದಿಲ್ಲ. ಮೊದಲು ಪಿಪಿಡಿಯನ್ನು ಝೈಲೀನ್ ಎಂಬ ದ್ರಾವಕದಲ್ಲಿ ಹತ್ತು ಪಟ್ಟು ತೆಳು ಮಾಡಿಕೊಳ್ಳಿ, ಆಗ 0.5 ಮಿಲಿ ಹಾಕಿದರಾಯಿತು. ಪಿಪಿಡಿ ಹಾಕದ ಬಾಟಲಿಗೂ ಅಷ್ಟೇ ಬರೀ ಝೈಲೀನ್ ಹಾಕಿ, ಇಲ್ಲದಿದ್ದರೆ ಹೋಲಿಕೆ ಸರಿ ಬರುವುದಿಲ್ಲ. ಡೋಸ್ ಸೊನ್ನೆಯಿಂದ 1,000 ಪಿಪಿಎಂವರೆಗೆ 200ರಂತೆ ಏರಿಸುತ್ತಾ ಹೋಗಿ. ಎಲ್ಲವನ್ನೂ ಒಂದೇ ಬಿಸಿಯಲ್ಲಿ ಅರ್ಧ ಗಂಟೆ ಇಟ್ಟು, ಒಂದೇ ವೇಗದಲ್ಲಿ ತಣ್ಣಗೆ ಮಾಡಿ. ಸಾಮಾನ್ಯವಾಗಿ ಒಂದು ಡೋಸ್ ಆದ ಮೇಲೆ ಜಾಸ್ತಿ ಹಾಕಿದರೂ ಪೋರ್ ಪಾಯಿಂಟ್ ಇಳಿಯುವುದಿಲ್ಲ, ಅಲ್ಲಿಗೆ ನಿಲ್ಲಿಸಿ. ಆಮೇಲೆ ಅದೇ ಡೋಸನ್ನು ಬೇರೆ ಬೇರೆ ಬಿಸಿಯಲ್ಲಿ ಹಾಕಿ ನೋಡಿ: 80, 70, 60, 50. ಡಬ್ಲ್ಯುಎಟಿ ದಾಟಿ ಕೆಳಗೆ ಬಂದ ಕೂಡಲೇ ಅದೇ ಕೆಮಿಕಲ್ ಹೇಗೆ ಕೈಕೊಡುತ್ತದೆ ಅಂತ ಕಣ್ಣಾರೆ ಕಾಣುತ್ತೀರಿ. ಹರಳು ಕಟ್ಟಿದ ಮೇಲೆ ಹಾಕಿದ ಪಿಪಿಡಿ ವ್ಯರ್ಥ. ಡಬ್ಲ್ಯುಎಟಿಗಿಂತ ಕನಿಷ್ಠ 10 ಡಿಗ್ರಿ ಮೇಲಿರುವ ಜಾಗದಲ್ಲೇ ಡೋಸಿಂಗ್ ಪಾಯಿಂಟ್ ಇಡಿ, ಅದು ಬಾವಿಯ ಬಾಯಿಯೇ ಆಗಲಿ, ಬಾವಿಯೊಳಗೇ ಆಗಲಿ, ಹೀಟರ್ ಮುಗಿದ ಕೂಡಲೇ ಆಗಲಿ.

ಫೀಲ್ಡಿನ ಲೆಕ್ಕವೂ ಒಮ್ಮೆ ಮಾಡೋಣ. ದಿನಕ್ಕೆ 10,000 ಬ್ಯಾರೆಲ್ ಅಂದರೆ ಸುಮಾರು 1,590 ಘನ ಮೀಟರ್. 500 ಪಿಪಿಎಂಗೆ ದಿನಕ್ಕೆ 795 ಲೀಟರ್, ಗಂಟೆಗೆ ಸುಮಾರು 33 ಲೀಟರ್ ಬೇಕು. ಪಂಪಿನ ಮೇಲೆ ಬರೆದ ಅಂಕಿ ನಂಬಬೇಡಿ. ಅಳತೆಯ ಕೊಳವೆಯಿಂದ ಎಳೆಸಿ, ಗಡಿಯಾರ ಹಿಡಿದು ನೋಡಿ. ಚಳಿಗಾಲದ ರಾತ್ರಿಯಲ್ಲಿ ಪಿಪಿಡಿಯೇ ಗಟ್ಟಿಯಾಗಿ ಪಂಪ್ ಖಾಲಿ ಓಡುತ್ತಿರುತ್ತದೆ, ಬೆಳಗ್ಗೆವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಬಾಡ್ಮೇರ್‌ನಂಥ ಮರುಭೂಮಿಯಲ್ಲಿ ಹಗಲಿಗೂ ರಾತ್ರಿಗೂ ಎಷ್ಟು ವ್ಯತ್ಯಾಸ ಅಂತ ಹೋದವರಿಗೆ ಗೊತ್ತು. ಪಿಪಿಡಿ ಟ್ಯಾಂಕಿಗೆ, ಸಣ್ಣ ಲೈನಿಗೆ ಹೀಟ್ ಟ್ರೇಸಿಂಗ್ (ಜೊತೆಗೇ ಎಳೆದ ಬಿಸಿ ಮಾಡುವ ತಂತಿ) ಬೇಕು. ಕೆಮಿಕಲ್ ಪೈಪಿನ ಗೋಡೆಗೆ ಅಂಟಿಕೊಂಡು ಹರಿಯದಂತೆ, ಹರಿವಿನ ನಡುವಿಗೆ ಬೀಳುವ ಹಾಗೆ ಕೊಳವೆ ಒಳಗೆ ಚಾಚಿರಬೇಕು.

ಎಣ್ಣೆಯಲ್ಲಿ ನೀರು ಬೆರೆತಿದ್ದರೆ ಮೊದಲು ಅದನ್ನು ಬೇರೆ ಮಾಡಿ. ಸಣ್ಣ ಸಣ್ಣ ನೀರಿನ ಹನಿಗಳು ವಿಸ್ಕಾಸಿಟಿ ಏರಿಸುತ್ತವೆ, ಪಿಪಿಡಿ ಸರಿಯಿಲ್ಲ ಅಂತ ಸುಮ್ನೆ ಬೈಯುವ ಹಾಗಾಗುತ್ತದೆ. ಹಾಗೇ ಹರಿವಿನ ತಡೆ ಕಡಿಮೆ ಮಾಡುವ ಡ್ರ್ಯಾಗ್ ರೆಡ್ಯೂಸರ್ ಅನ್ನೂ ಪಿಪಿಡಿಯನ್ನೂ ಒಂದೇ ಅಂದುಕೊಳ್ಳಬೇಡಿ. ಅಲಾಸ್ಕಾ ಪೈಪ್‌ಲೈನಿನಲ್ಲಿ 1979ರಿಂದ ಬಳಕೆಗೆ ಬಂದ ಡ್ರ್ಯಾಗ್ ರೆಡ್ಯೂಸರ್ ರಭಸದ, ಸುಳಿಸುಳಿಯಾದ ಹರಿವಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಮಂದವಾಗಿ ತೆವಳುವ ಎಣ್ಣೆಗೆ ಅದರಿಂದ ಏನೂ ಸಿಗುವುದಿಲ್ಲ.

ಗೋಡೆಗೆ ಕೂರುವ ಮೇಣ

ಎಣ್ಣೆ ಹರಿಯುತ್ತಿದ್ದರೂ ಪೈಪಿನ ಗೋಡೆ ಡಬ್ಲ್ಯುಎಟಿಗಿಂತ ತಣ್ಣಗಿದ್ದು, ಒಳಗಿನ ಎಣ್ಣೆ ಅದಕ್ಕಿಂತ ಬಿಸಿ ಇದ್ದರೆ ಗೋಡೆಗೆ ಮೇಣ ಕೂರುತ್ತದೆ. ಇದು ಹೆಪ್ಪುಗಟ್ಟುವುದಕ್ಕಿಂತ ಬೇರೆ ತೊಂದರೆ. ಪೋರ್ ಪಾಯಿಂಟ್ ಚೆನ್ನಾಗಿ ಇಳಿಸುವ ಪಿಪಿಡಿ ಗೋಡೆಯ ಮೇಣ ತಡೆಯದೇ ಇರಬಹುದು. ಇದಕ್ಕೆ ಕೋಲ್ಡ್ ಫಿಂಗರ್ ಪರೀಕ್ಷೆ ಮಾಡಿ: ಬಿಸಿ ಎಣ್ಣೆಯನ್ನು ಕದಡುತ್ತಾ, ಒಳಗೆ ತಣ್ಣೀರು ಹರಿಯುವ ಉಕ್ಕಿನ ಬೆರಳನ್ನು ಕೆಲವು ಗಂಟೆ ಅದ್ದಿಟ್ಟು, ಮೇಲೆ ಕೂತ ಮೇಣ ತೂಗಿ. ಕೆಮಿಕಲ್ ಹಾಕಿದ್ದಕ್ಕೂ ಹಾಕದ್ದಕ್ಕೂ ವ್ಯತ್ಯಾಸ ನೋಡಿ.

ಕೂತ ಮೇಣ ದಿನ ಕಳೆದಂತೆ ಗಟ್ಟಿಯಾಗುತ್ತದೆ, ಒಳಗಿನ ಎಣ್ಣೆ ಸೋರಿ ಮೇಣವೇ ಉಳಿಯುತ್ತದೆ. ಆದ್ದರಿಂದ ಪಿಗ್ (ಪೈಪಿನೊಳಗೆ ಸಾಗುತ್ತಾ ಗೋಡೆ ಕೆರೆಯುವ ಬಿರಡೆಯಂಥ ಸಾಧನ) ಆಗಾಗ್ಗೆ ಓಡಿಸಿ. ತಡ ಮಾಡಿ ಒಮ್ಮೆಲೇ ಗಟ್ಟಿ ಪಿಗ್ ಬಿಟ್ಟರೆ ಮುಂದೆ ಮೇಣ ರಾಶಿಯಾಗಿ ಪಿಗ್ಗೇ ಸಿಕ್ಕಿಕೊಳ್ಳುತ್ತದೆ. ಬಹಳ ದಿನ ಬಿಟ್ಟ ಲೈನಿಗೆ ಮೊದಲು ಮೆತ್ತನೆಯ ಫೋಮ್ ಪಿಗ್, ಆಮೇಲೆ ಸ್ವಲ್ಪ ಎಣ್ಣೆ ಮುಂದಕ್ಕೆ ಬಿಡುವ ಬೈಪಾಸ್ ಪಿಗ್. ಪಿಗ್ ತೆಗೆಯುವ ಬಾಗಿಲು ತೆರೆಯುವ ಮೊದಲು ಒಳಗಿನ ಒತ್ತಡ ಸೊನ್ನೆ ಅಂತ ಎರಡು ಕಡೆ ನೋಡಿ. ಮೇಣ ಗೇಜಿನ ಸಣ್ಣ ಕೊಳವೆಗೆ ಕಟ್ಟಿಕೊಂಡಿದ್ದರೆ ಒಳಗೆ ಒತ್ತಡ ಇದ್ದರೂ ಮುಳ್ಳು ಸೊನ್ನೆ ತೋರಿಸುತ್ತದೆ.

ಮೇಣ ಕರಗಿಸಲು ಬಾವಿಗೆ ಹಾಟ್ ಆಯಿಲ್, ಅಂದರೆ ಕಾಯಿಸಿದ ಎಣ್ಣೆ ಹಾಕುವಾಗ ಟ್ಯಾಂಕಿನ ತಳದ ಎಣ್ಣೆ ಬಳಸಬೇಡಿ. ಅದರಲ್ಲೇ ಮೇಣ ತುಂಬಿರುತ್ತದೆ, ತೆಗೆಯಲು ಹೋಗಿ ಇನ್ನಷ್ಟು ಹಾಕಿದ ಹಾಗಾಗುತ್ತದೆ.

ನಿಂತ ಲೈನನ್ನು ಮತ್ತೆ ಓಡಿಸುವುದು

ಪಂಪ್ ನಿಂತರೆ ಎಣ್ಣೆ ಪೋರ್ ಪಾಯಿಂಟ್ ತಲುಪಲು ಎಷ್ಟು ಗಂಟೆ ಬೇಕು? ಈ ಒಂದು ಅಂಕಿ ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಇರಲೇಬೇಕು, ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು. ಮೊದಲೇ ಗೊತ್ತಿರುವ ಶಟ್‌ಡೌನ್ ಆದರೆ ಹಿಂದಿನಿಂದಲೇ ಡೋಸ್ ಏರಿಸಿ, ಅಥವಾ ಲೈನಿನ ಎಣ್ಣೆಯನ್ನು ಹಗುರ ಎಣ್ಣೆಯಿಂದ ತಳ್ಳಿ ಹೊರಗೆ ಹಾಕಿ.

ಹೆಪ್ಪುಗಟ್ಟಿದ ಎಣ್ಣೆ ಅಲುಗಲು ಒಂದು ಕನಿಷ್ಠ ಬಲ ಬೇಕು, ಅದು ಯೀಲ್ಡ್ ಸ್ಟ್ರೆಸ್. ಬೇಕಾದ ಒತ್ತಡದ ಲೆಕ್ಕ ಸುಲಭ: ಯೀಲ್ಡ್ ಸ್ಟ್ರೆಸ್ಸನ್ನು ನಾಲ್ಕರಿಂದ ಗುಣಿಸಿ, ಪೈಪಿನ ಉದ್ದದಿಂದ ಗುಣಿಸಿ, ಒಳ ವ್ಯಾಸದಿಂದ ಭಾಗಿಸಿ. 50 ಪಾಸ್ಕಲ್, 10 ಕಿ.ಮೀ., ಅರ್ಧ ಮೀಟರ್ ಪೈಪ್ ಅಂದರೆ 40 ಬಾರ್. ಅದೇ ಎಣ್ಣೆ 20 ಸೆಂ.ಮೀ. ಪೈಪಿನಲ್ಲಿದ್ದರೆ 100 ಬಾರ್. ಪಿಪಿಡಿಯಿಂದ ಯೀಲ್ಡ್ ಸ್ಟ್ರೆಸ್ 5ಕ್ಕೆ ಇಳಿದರೆ ದೊಡ್ಡ ಪೈಪಿಗೆ 4 ಬಾರ್ ಸಾಕು. ನಿಜವಾಗಿ ಇಡೀ ಲೈನ್ ಒಟ್ಟಿಗೆ ಅಲುಗುವುದಿಲ್ಲ, ಪಂಪಿನ ಕಡೆಯಿಂದ ಸ್ವಲ್ಪ ಸ್ವಲ್ಪವೇ ಒಡೆಯುತ್ತಾ ಹೋಗುತ್ತದೆ. ಆದ್ದರಿಂದ ಈ ಲೆಕ್ಕಕ್ಕಿಂತ ಕಡಿಮೆ ಒತ್ತಡದಲ್ಲೇ ಬಿಟ್ಟುಕೊಳ್ಳಬಹುದು. ಆದರೂ ಪೈಪ್ ತಡೆಯುವ ಒತ್ತಡವನ್ನು ಈ ಅಂಕಿಯ ಜೊತೆ ಇಟ್ಟು ನೋಡಿ. ಪಿಪಿಡಿಗೆ ಎಷ್ಟು ಖರ್ಚು ಮಾಡಬಹುದು ಅನ್ನೋದು ಈ ಲೆಕ್ಕದಿಂದಲೇ ತೀರ್ಮಾನವಾಗುತ್ತದೆ, ಪೋರ್ ಪಾಯಿಂಟ್ ಎರಡು ಡಿಗ್ರಿ ಜಾಸ್ತಿ ಇಳಿಯಿತು ಅನ್ನೋದರಿಂದಲ್ಲ.

ಪೂರ್ತಿ ಕಟ್ಟಿಕೊಂಡ ಲೈನನ್ನು ಹೊರಗಿನಿಂದ ಬಿಸಿ ಮಾಡುವುದಾದರೆ ಯಾವತ್ತೂ ನಡುವಿನಿಂದ ಶುರು ಮಾಡಬೇಡಿ. ಮೇಣ ಕರಗುವಾಗ ಹಿಗ್ಗುತ್ತದೆ. ಎರಡೂ ಕಡೆ ಗಟ್ಟಿ ಮೇಣ ಇದ್ದು ನಡುವೆ ಕರಗಿದರೆ ಅದಕ್ಕೆ ಹೋಗಲು ದಾರಿ ಇರುವುದಿಲ್ಲ, ಪೈಪ್ ಸಿಡಿಯುತ್ತದೆ. ತೆರೆದ ತುದಿಯಿಂದ ಶುರು ಮಾಡಿ, ಕರಗಿದ್ದು ಹೊರಗೆ ಬರುತ್ತಿದೆ ಅಂತ ನೋಡಿಕೊಂಡೇ ಮುಂದಕ್ಕೆ ಹೋಗಿ. ಒಂದೇ ಕಡೆಯಿಂದ ಭಾರೀ ಒತ್ತಡ ಹಾಕಿ ಗಟ್ಟಿಯನ್ನು ಹಾರಿಸಲು ಹೋಗಬೇಡಿ, ಬಿಟ್ಟುಕೊಂಡ ಮೇಣದ ತುಂಡು ತಿರುವಿನಲ್ಲಿ ಪೈಪನ್ನೇ ಒಡೆಯಬಲ್ಲದು. ಎಣ್ಣೆ ಅಲುಗಲು ಶುರುವಾದರೆ ಒತ್ತಡ ನಿಧಾನವಾಗಿ ಇಳಿಯುತ್ತದೆ. ಆಗ ಪಂಪ್ ಬದಲಿಸುವುದು, ಗೇಜ್ ನೋಡುವುದು ಅಂತ ನಿಲ್ಲಿಸಬೇಡಿ. ಆ ಕಡೆಯ ತುದಿಯಲ್ಲಿ ಬಿಸಿ ಎಣ್ಣೆ ಬರುವವರೆಗೂ ಹರಿವು ಹಾಗೇ ಇರಲಿ.